ಬೀಗ ಜಡಿದವರು ಕಾರಣ ಹೇಳಬೇಡವೇ?

ತಳ್ಳುಗಾಡಿಯಲ್ಲಿ ಹಣ್ಣು ಮಾರುವವನನ್ನು ಎಬ್ಬಿಸಬೇಕಾದರೂ 30 ದಿನಗಳ ನೋಟೀಸು ನೀಡಬೇಕೆಂದು ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆ ಹೇಳುತ್ತದೆ. ಆತನ ಸರಕನ್ನು ವಶಪಡಿಸಿಕೊಂಡರೆ ಪಟ್ಟಿ ಕೊಡಬೇಕು. ಕೊಳೆಯುವ ವಸ್ತುವಾದರೆ ಆತ ಕೇಳಿದ ದಿನವೇ ಮರಳಿಸಬೇಕು. ಈ ಕಾಯ್ದೆ ಬೀದಿಯಲ್ಲಿ ಎಷ್ಟು ಪಾಲನೆಯಾಗುತ್ತಿದೆಯೆಂಬುದು ಬೇರೆ ಮಾತು. ಆದರೆ, ಆನ್‌ಲೈನ್ ಮಾರುಕಟ್ಟೆಯಲ್ಲಿ ಬಟ್ಟೆಯನ್ನೋ ಪಾತ್ರೆಯನ್ನೋ ಮಾರಿ ಬದುಕುವ ವ್ಯಾಪಾರಿಗೆ ಕಾಗದದ ಮೇಲೂ ಅಂಥ ರಕ್ಷಣೆ ಇಲ್ಲ.

ಒಂದು ಬೆಳಗ್ಗೆ ಇ-ಮೇಲ್ ಬರುತ್ತದೆ. ಖಾತೆ ಅಮಾನತುಗೊಂಡಿದೆ. ಯಾವ ಸರಕು, ಯಾವ ದೂರು ಎಂಬ ವಿವರ ಎಷ್ಟೋ ಬಾರಿ ಅದರಲ್ಲಿರುವುದಿಲ್ಲ. ಮಾರಿದ ಸರಕಿನ ಹಣ ಕಂಪೆನಿಯ ಬಳಿ, ಉಳಿದ ಸರಕು ಅವರದೇ ಗೋದಾಮಿನಲ್ಲಿ. ಇತ್ತ ಸಾಲಕ್ಕೆ ಸರಕು ಕೊಟ್ಟವ ಬಾಗಿಲಲ್ಲಿ ನಿಂತಿರುತ್ತಾನೆ. ಮೇಲ್ಮನವಿಯನ್ನೂ ಅದೇ ಕಂಪೆನಿಗೆ ಸಲ್ಲಿಸಬೇಕು. ದೂರುದಾರ, ನ್ಯಾಯಾಧೀಶ, ಜೈಲರ್ ಎಲ್ಲವೂ ಒಬ್ಬನೇ ಆದರೆ ಅದನ್ನು ವಿಚಾರಣೆ ಎನ್ನಬಹುದೇ?

ಹಾಗಂತ, ಅಮಾನತೇ ತಪ್ಪೆಂದು ನಾವು ವಾದಿಸುತ್ತಿಲ್ಲ. ನಕಲಿ ಸರಕಿಗೆ ಅಸಲಿ ಮುದ್ರೆ ಒತ್ತುವವರು, ದುಡ್ಡು ಕೊಟ್ಟು ಹೊಗಳಿಕೆ ಬರೆಸುವವರು ನಮ್ಮ ನಡುವೆಯೇ ಇದ್ದಾರೆ. ಅವರನ್ನು ಹೊರಗಟ್ಟಲೇಬೇಕು. ಆದರೆ ಒಂದೇ ಮನೆಯ ವಿಳಾಸದಿಂದ ಇಬ್ಬರು ಸಹೋದರರು ಬೇರೆಬೇರೆ ವ್ಯಾಪಾರ ನಡೆಸುತ್ತಿದ್ದರೆ, ಒಬ್ಬನ ಖಾತೆಯ ಜೊತೆಗೆ ಇನ್ನೊಬ್ಬನದೂ ಮುಚ್ಚಿಹೋಗುವ ಸಾಧ್ಯತೆ ಇದೆ. ಕೂಡುಕುಟುಂಬವೆಂದರೇನೆಂದು ಯಂತ್ರಕ್ಕೆ ಹೇಗೆ ತಿಳಿಯಬೇಕು?

ನಮ್ಮ ಇ-ವಾಣಿಜ್ಯ ನಿಯಮಗಳು ಜಾರಿಗೆ ಬಂದದ್ದು 2020ರಲ್ಲಿ. ಗ್ರಾಹಕರ ದೂರಿಗೆ 48 ಗಂಟೆಗಳೊಳಗೆ ಸ್ವೀಕೃತಿ ನೀಡಬೇಕು, ತಿಂಗಳೊಳಗೆ ಪರಿಹಾರ ಒದಗಿಸಬೇಕು ಎಂದು ಅವು ವಿಧಿಸಿದುವು. ಒಳ್ಳೆಯದೇ. ಆದರೆ ಖಾತೆ ಕಳಕೊಂಡ ಮಾರಾಟಗಾರನಿಗೆ ಅಂಥ ಗಡುವನ್ನು ಅವು ವಿಧಿಸಲಿಲ್ಲ. ಜರ್ಮನಿಯ ಸ್ಪರ್ಧಾ ನಿಯಂತ್ರಣ ಸಂಸ್ಥೆಯು ತನಿಖೆ ನಡೆಸಿದ ಬಳಿಕ, 2019ರಲ್ಲಿ ಅಮೆಝಾನ್ ತನ್ನ ಕರಾರುಗಳನ್ನು ಬದಲಿಸಿ, ಖಾತೆ ತಡೆಹಿಡಿದರೆ ಕಾರಣ ತಿಳಿಸಲು ಒಪ್ಪಿತು. ಯುರೋಪಿಯನ್ ಒಕ್ಕೂಟವು ಮರುವರ್ಷ, ಕಾರಣ ತಿಳಿಸುವುದನ್ನು ಕಾನೂನಿನ ಮೂಲಕವೇ ಕಡ್ಡಾಯಗೊಳಿಸಿತು. ಕಂಪೆನಿ ಒಪ್ಪಿದ ಕರಾರಿಗೂ ಕಾನೂನು ಕೊಟ್ಟ ಹಕ್ಕಿಗೂ ಅಂತರವಿದೆ. ನಮ್ಮ ಸಂಸತ್ತಿನಿಂದ ನಾವು ನಿರೀಕ್ಷಿಸುವುದು ಎರಡನೆಯದನ್ನು: ಲಿಖಿತ ಕಾರಣ, ಆಲಿಸಲು ಹೊರಗಿನ ಓರ್ವ ಅಧಿಕಾರಿ, ಹಣ ಮರಳಿಸಲು ಗಡುವು.

ಅಲ್ಲಿಯವರೆಗೆ ವ್ಯಾಪಾರಿಗಳು ಒಂದು ಅವಸರವನ್ನಂತೂ ಮಾಡಬಾರದು. ತಮ್ಮನ ಹೆಸರಲ್ಲಿ ಹೊಸ ಖಾತೆ ತೆರೆದರೆ ಅದೂ ಮುಚ್ಚೀತು, ಮೊದಲಿನದರ ಮನವಿಯೂ ಬಿದ್ದುಹೋದೀತು. ಕಣ್ಣೀರ ಪತ್ರವೂ ಕೆಲಸಕ್ಕೆ ಬಾರದು. ಸರಕು ಖರೀದಿಸಿದ ಬಿಲ್ಲಿನಲ್ಲಿರುವ ಹೆಸರು, ವಿಳಾಸಗಳು ಜಿಎಸ್‌ಟಿ ನೋಂದಣಿಗೆ ಅಕ್ಷರಶಃ ಹೊಂದಿಕೆಯಾಗುತ್ತವೆಯೇ ಎಂದು ಮೊದಲು ನೋಡಬೇಕು. ಆ ಬಿಲ್ಲನ್ನು ಜೋಡಿಸಿ, ಆರೋಪವೆಷ್ಟೋ ಅಷ್ಟಕ್ಕೆ ಉತ್ತರಿಸಬೇಕು.