ತೆರೆಯ ಮರೆಯ ಕೊರಳು

‘ದಿ ಸೌಂಡ್ ಆಫ್ ಮ್ಯೂಸಿಕ್’ ನೋಡದ ಕಥೋಲಿಕ ಮನೆಗಳು ನಮ್ಮಲ್ಲಿ ಕಡಿಮೆಯೇ. 1965ರ ಆ ಚಿತ್ರವನ್ನು ಎಷ್ಟು ಸಲ ನೋಡಿದೆವೋ ಲೆಕ್ಕವಿಟ್ಟಿಲ್ಲ. ಪ್ರಿಯ ಓದುಗರೇ, ಮುಂದಿನ ಸಲ ನೋಡುವಾಗ ಬೆಟ್ಟದ ಮೇಲೆ ಹಾಡುವ ಮರಿಯಾಳನ್ನು ಮೆಚ್ಚಿಕೊಂಡ ಮೇಲೆ, ಕನ್ಯಾಮಠದೊಳಗಿನ ದೃಶ್ಯವನ್ನೂ ಗಮನವಿಟ್ಟು ನೋಡಿ. ಈ ಹುಡುಗಿಯನ್ನು ಏನು ಮಾಡುವುದೆಂದು ಹಾಡುತ್ತಲೇ ಚರ್ಚಿಸುವ ಸಿಸ್ಟರ್‌ಗಳಲ್ಲಿ ಸಿಸ್ಟರ್ ಸೋಫಿಯಾ ಒಬ್ಬರು. ಆ ಪಾತ್ರ ಮಾಡಿದವರು ಮಾರ್ನಿ ನಿಕ್ಸನ್. ಅಷ್ಟರಲ್ಲಾಗಲೇ ಲಕ್ಷಾಂತರ ಜನ ಅವರ ದನಿ ಕೇಳಿದ್ದರು. ಮುಖ ಕಂಡವರು ಮಾತ್ರ ಬಹಳ ಕಡಿಮೆ.

‘ದಿ ಕಿಂಗ್ ಅಂಡ್ ಐ’ (1956) ಚಿತ್ರದಲ್ಲಿ ಡೆಬೊರಾ ಕೆರ್ ಅವರಿಗೆ, ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ (1961) ನಟಾಲಿ ವುಡ್ ಅವರಿಗೆ, ‘ಮೈ ಫೇರ್ ಲೇಡಿ’ಯ (1964) ಹೆಚ್ಚಿನ ಹಾಡುಗಳಲ್ಲಿ ಆಡ್ರಿ ಹೆಪ್‌ಬರ್ನ್ ಅವರಿಗೆ ಕೊರಳು ಕೊಟ್ಟವರು ಇವರೇ. ಅದರಲ್ಲೇನು ವಿಶೇಷ ಎನ್ನಬಹುದು. ಡಾ. ರಾಜ್‌ಕುಮಾರ್ ತೆರೆಯ ಮೇಲೆ ಹಾಡುವಾಗ ಆ ದನಿ ಪಿ.ಬಿ. ಶ್ರೀನಿವಾಸ್ ಅವರದೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಇಬ್ಬರ ಮೇಲಿನ ಪ್ರೀತಿಯೂ ಅದರಿಂದ ತಗ್ಗಲಿಲ್ಲ. ಹಾಲಿವುಡ್‌ನಲ್ಲಿ ಹಾಗಿರಲಿಲ್ಲ. ಅಲ್ಲಿ ಅದು ಗುಟ್ಟು. ‘ದಿ ಕಿಂಗ್ ಅಂಡ್ ಐ’ ಸಮಯದಲ್ಲಿ, ವಿಷಯ ಹೊರಬಿದ್ದರೆ ಮುಂದೆ ಕೆಲಸವೇ ಸಿಗದೆಂದು ಸ್ಟುಡಿಯೋದವರು ತಮ್ಮನ್ನು ಹೆದರಿಸಿದ್ದರೆಂದು ನಿಕ್ಸನ್ ನಂತರ ಹೇಳಿಕೊಂಡರು. ಕೊನೆಗೆ ಗುಟ್ಟು ಬಿಟ್ಟುಕೊಟ್ಟವರು ಸ್ವತಃ ಡೆಬೊರಾ ಕೆರ್! ಹಾಡಿದವರಿಗೆ ಸಲ್ಲಬೇಕಾದ್ದು ಸಲ್ಲಲಿ ಎಂದುಕೊಂಡ ದೊಡ್ಡ ಮನಸ್ಸು ಅವರದು.

‘ವೆಸ್ಟ್ ಸೈಡ್ ಸ್ಟೋರಿ’ಯ ಕಥೆ ಇನ್ನೂ ಬೇಸರದ್ದು. ತಮ್ಮ ದನಿಯೇ ಉಳಿಯುವುದೆಂದು ನಂಬಿ ನಟಾಲಿ ವುಡ್ ಹಾಡುಗಳನ್ನೆಲ್ಲ ಹಾಡಿ ಕೊಟ್ಟಿದ್ದರು. ಅವರಿಗೂ ನೋವು, ಹೆಸರಿಲ್ಲದೆ ಹಾಡಿದವರಿಗೂ ನೋವು. ಆಗ ಸಂಗೀತ ಸಂಯೋಜಕ ಲಿಯೊನಾರ್ಡ್ ಬರ್ನ್‌ಸ್ಟೈನ್ ತಮಗೆ ಬರುವ ರಾಯಲ್ಟಿಯಲ್ಲೇ ಸಣ್ಣದೊಂದು ಪಾಲನ್ನು ನಿಕ್ಸನ್ ಅವರಿಗೆ ಬಿಟ್ಟುಕೊಟ್ಟರು. ಗಾಯನವೃಂದದ ಹಿಂದಿನ ಸಾಲಿನಲ್ಲಿ ನಿಂತು ಹಾಡುವವರಿಗೆ ಇದರ ಬೆಲೆ ಬೇಗ ಅರ್ಥವಾದೀತು.

ದನಿ ಎರವಲು ಪಡೆಯುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಅದೇ ‘ಸೌಂಡ್ ಆಫ್ ಮ್ಯೂಸಿಕ್’ನಲ್ಲಿ ಮಠಾಧ್ಯಕ್ಷೆಯಾದ ಪೆಗ್ಗಿ ವುಡ್ ಒಂದು ಕಾಲದ ಒಳ್ಳೆಯ ಗಾಯಕಿ. ಎಪ್ಪತ್ತು ದಾಟಿದ್ದ ಅವರಿಗೆ ಮೇಲಿನ ಸ್ವರಗಳು ನಿಲುಕದೆ, ಮಾರ್ಜರಿ ಮೆಕೇ ಹಾಡಿದರು. ಕ್ಯಾಪ್ಟನ್‌ಗೆ ಹಾಡಿದವರು ಬಿಲ್ ಲೀ. ದೃಶ್ಯಗಳ ಸೊಬಗಿಗೆ ಅದರಿಂದೇನೂ ಕುಂದಿಲ್ಲ. ಆದರೆ ಹೆಸರು ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತು?

ಸ್ವಂತ ಕೊರಳಿನಿಂದಲೇ ಗೆದ್ದವರು ಜೂಲಿ ಆಂಡ್ರ್ಯೂಸ್. ‘ಮೈ ಫೇರ್ ಲೇಡಿ’ಯ ಎಲಿಜಾ ಪಾತ್ರವನ್ನು 1956ರಿಂದ ರಂಗದ ಮೇಲೆ ಮಾಡಿ ಹೆಸರಾದವರು ಅವರು. ಸಿನಿಮಾ ಆಗುವಾಗ ಪಾತ್ರ ಹೆಪ್‌ಬರ್ನ್ ಪಾಲಾಯಿತು, ಹಾಡು ನಿಕ್ಸನ್ ಪಾಲಾಯಿತು. ಹಾಗಾಗಿ ‘ಸೌಂಡ್ ಆಫ್ ಮ್ಯೂಸಿಕ್’ ಚಿತ್ರೀಕರಣಕ್ಕೆ ಇಬ್ಬರೂ ಬಂದಾಗ ಏನಾಗುವುದೋ ಎಂದು ಸುತ್ತಲಿದ್ದವರಿಗೆ ಆತಂಕ. ಜೂಲಿ ನೇರವಾಗಿ ನಡೆದು ಬಂದು ನಿಕ್ಸನ್ ಕೈಕುಲುಕಿ, ತಾನು ನಿಮ್ಮ ಅಭಿಮಾನಿ ಎಂದರಂತೆ.