ಕಣ ಬೇರೆ, ಅಂಗಳ ಬೇರೆ, ಲಾರಿ ದಾರಿ ಬೇರೆ



ಅಡಿಕೆಗೆ ನಾಲ್ಕು ಕಾಸು ಹೆಚ್ಚಿಗೆ ಸಿಕ್ಕ ವರ್ಷ ನಮ್ಮ ಕಡೆ ಮೊದಲು ಆಗುವ ಕೆಲಸವೆಂದರೆ ಮನೆಯ ಮುಂದಿನ ನೆಲಕ್ಕೆ ಏನಾದರೊಂದು ಹಾಸುವುದು. ಜಾವಗಲ್ಲಿನಿಂದ ಹಳೇಬೀಡಿನ ಕಡೆ ಹೋಗುವಾಗ ನೋಡಿದರೆ, ಸಗಣಿ ಸಾರಿಸಿ ರಂಗೋಲಿ ಇಡುತ್ತಿದ್ದ ಅಂಗಳಗಳಲ್ಲಿ ಈಗ ಕೆಂಪು, ಬೂದು ಬಣ್ಣದ ಇಂಟರ್‌ಲಾಕ್ ಬ್ಲಾಕುಗಳು ಕಾಣುತ್ತವೆ. ಇದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಒಂದೇ ಬಗೆಯ ಹಾಸನ್ನು ಬಾಗಿಲಿನಿಂದ ಬೇಲಿಯವರೆಗೆ ಹಾಸಿ, ಅದರ ಮೇಲೆಯೇ ಲಾರಿ ಓಡಿಸಿ, ಅದರ ಮೇಲೆಯೇ ಫಸಲು ಒಣಗಿಸುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ತಪ್ಪನ್ನು ಮೊದಲು ಮಾಡಿದವನು ನಾನೇ ಆದುದರಿಂದ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೂರು ವರ್ಷದ ಹಿಂದೆ ವ್ಯಾಪಾರಿಯೊಬ್ಬರು ಬಣ್ಣದ ಚಿತ್ರ ತೋರಿಸಿ, ಚದರಡಿ ಲೆಕ್ಕದಲ್ಲಿ ದರ ಹೇಳಿದರು. ದಪ್ಪ ಎಷ್ಟೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೇಲುಮಣ್ಣನ್ನು ಕೆರೆದು, ಮರಳು ಚೆಲ್ಲಿ, ಎರಡು ದಿನದಲ್ಲಿ ಇಡೀ ಅಂಗಳ ಮುಗಿಸಿದರು. ಮೊದಲ ಮಳೆಗಾಲದಲ್ಲಿ ಗೊಬ್ಬರದ ಲಾರಿ ಬಂದು ಹೋದ ಮೇಲೆ ಚಕ್ರದ ಜಾಡಿನಲ್ಲಿ ಎರಡು ಕಾಲುವೆ ಬಿದ್ದವು. ಬೇಲೂರಿನಾಚೆ ಕಾಫಿ ತೋಟವಿರುವ ನಮ್ಮ ಷಡ್ಡಕರದು ಇನ್ನೊಂದು ಕಥೆ. ಅವರು ಅದೇ ಬಗೆಯ ಬ್ಲಾಕಿನ ಮೇಲೆ ಚೆರ್ರಿ ಒಣಗಿಸಿದರು. ಸಂದುಗಳಲ್ಲಿ ಕಾಳು ಸಿಕ್ಕಿ ಉಳಿಯಿತು, ಗುಡಿಸಿದಾಗ ಮರಳೂ ಜೊತೆಗೆ ಬಂತು, ಇಬ್ಬನಿಯ ತೇವ ಸಂದಿನಲ್ಲಿ ನಿಂತು ಮುಗ್ಗಲು ವಾಸನೆ ಹಿಡಿಯಿತು. ಖರೀದಿದಾರರು ಮೂಸಿ ನೋಡಿ ದರ ಇಳಿಸಿದರು. ಎಲ್ಲಕ್ಕಿಂತ ನೋವಿನದು ನಮ್ಮ ಜಗಲಿಯ ಮೆಟ್ಟಿಲು. ಅದಕ್ಕೆ ಹೊಳೆಯುವ ಟೈಲ್ಸ್ ಹಾಕಿಸಿದ್ದೆ. ಆಷಾಢದ ಸೋನೆಯಲ್ಲಿ ನಮ್ಮ ತಾಯಿಯವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಇಂದಿಗೂ ಕೋಲಿಲ್ಲದೆ ನಡೆಯಲಾರರು.

ಆದುದರಿಂದ ಹಾಸುವ ಮುನ್ನ, ಈ ನೆಲದ ಮೇಲೆ ಏನು ನಡೆಯುತ್ತದೆ ಎಂದು ಕೇಳಿಕೊಳ್ಳಬೇಕು. ನಮ್ಮೂರಿನ ಲಕ್ಷ್ಮೀನರಸಿಂಹ ದೇವಾಲಯವನ್ನು 13ನೆಯ ಶತಮಾನದಲ್ಲಿ ಕಟ್ಟಿದ ಶಿಲ್ಪಿಗಳು ಕೆತ್ತನೆಗೆ ಮೃದುವಾದ ಬಳಪದ ಕಲ್ಲನ್ನು ಆರಿಸಿಕೊಂಡರು. ಉಳಿಗೆ ಒದಗುವ ಆ ಕಲ್ಲು ಗಾಡಿಯ ಚಕ್ರಕ್ಕೆ ಒದಗದು. ಯಾವ ಕಲ್ಲಿಗೆ ಯಾವ ಕೆಲಸ ಎಂಬ ವಿವೇಕ ಈ ಊರಿಗೆ ಹೊಸದಲ್ಲ.

ಮೊದಲು ಕಣ. ಇಲ್ಲಿ ಸಂದಿರಬಾರದು. ಕಾಫಿಯನ್ನು ಸ್ವಚ್ಛವಾದ ಸಿಮೆಂಟ್ ಅಥವಾ ಹೆಂಚು ಹಾಸಿದ ಕಣದಲ್ಲಿಯೇ ಒಣಗಿಸಬೇಕೆಂದು ಕಾಫಿ ಮಂಡಳಿಯವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಕಾಫಿ ಕಾಳು ಸುತ್ತಲಿನ ತೇವವನ್ನೂ ವಾಸನೆಯನ್ನೂ ಬೇಗ ಹೀರಿಕೊಳ್ಳುತ್ತದೆ. ಒದ್ದೆ ಕಾಳಿನಲ್ಲಿ ಬೆಳೆಯುವ ಬೂಷ್ಟಿನಿಂದ ಓಕ್ರಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹುರಿದ ಕಾಫಿಯಲ್ಲಿ ಇದರ ಮಿತಿಯನ್ನು ಯುರೋಪಿನ ಒಕ್ಕೂಟ 2023ರಿಂದ ಕಿಲೋಗ್ರಾಮಿಗೆ 5 ಮೈಕ್ರೋಗ್ರಾಮಿನಿಂದ 3ಕ್ಕೆ ಇಳಿಸಿದೆ. ನಮ್ಮ ಕಣದ ಸಂದಿಗೂ ಅಲ್ಲಿಯ ಕಾನೂನಿಗೂ ಈಗ ಸಂಬಂಧವಿದೆ. ಬೇಯಿಸಿದ ಅಡಿಕೆಗೂ ಮಣ್ಣು ಮೆತ್ತಿದರೆ ಮಂಡಿಯಲ್ಲಿ ಬೆಲೆಯಿಲ್ಲ. ಕಣಕ್ಕೆ ನೆಲವನ್ನು ದಿಮ್ಮಸು ಹಾಕಿ ಗಟ್ಟಿಮಾಡಿ, ಜಲ್ಲಿ ಹರಡಿ, ನಾಲ್ಕಂಗುಲ ಕಾಂಕ್ರೀಟನ್ನು ಚೌಕ ಚೌಕವಾಗಿ ಹಾಕಿ, ಚೆನ್ನಾಗಿ ನೀರುಣಿಸಬೇಕು. ಹತ್ತು ಅಡಿಗೆ ಎರಡು ಅಂಗುಲ ಇಳಿಜಾರಿದ್ದರೆ ಅಕಾಲದ ಮಳೆಯ ನೀರು ನಿಲ್ಲುವುದಿಲ್ಲ.

ಎರಡನೆಯದು ಗಾಡಿ ದಾರಿ. ಇಂಟರ್‌ಲಾಕ್ ಬ್ಲಾಕಿಗೆ ತಕ್ಕ ಜಾಗ ಇದೇ. ಈ ಬ್ಲಾಕುಗಳಿಗೆ ಐ.ಎಸ್. 15658 ಎಂಬ ಭಾರತೀಯ ಮಾನಕವಿದೆ. 2006ರಲ್ಲಿ ಹೊರಬಂದ ಅದರ ಲೆಕ್ಕದಂತೆ 50 ಮಿಲಿಮೀಟರ್ ದಪ್ಪದ್ದು ವಾಹನ ಬಾರದ ಜಾಗಕ್ಕೆ, 60ರದ್ದು ಹಗುರ ವಾಹನಕ್ಕೆ, 80ರದ್ದು ಮಧ್ಯಮ ಸಂಚಾರಕ್ಕೆ. ಗೊಬ್ಬರದ ಲಾರಿ ಬರುವ ದಾರಿಗೆ 80ಕ್ಕಿಂತ ಕಡಿಮೆ ಬೇಡ. ನನ್ನ ಅಂಗಳದಲ್ಲಿ ಅಳೆದು ನೋಡಿದಾಗ 50 ಇತ್ತು. ಬ್ಲಾಕಿಗಿಂತಲೂ ಮುಖ್ಯವಾದದ್ದು ಅದರ ಕೆಳಗಿನ ಜಲ್ಲಿ. ಭಾರ ಹೊರುವುದು ಅದೇ. ಮೇಲಿನ ಮರಳು ಒಂದರಿಂದ ಒಂದೂವರೆ ಅಂಗುಲ ಮೀರಬಾರದು. ಬ್ಲಾಕುಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಹೆಣೆದು, ಎರಡು ಬದಿಗೂ ಗಟ್ಟಿ ಅಂಚುಕಟ್ಟು ಕೊಟ್ಟರೆ ಚಕ್ರದ ತಳ್ಳಿಗೆ ಸರಿಯುವುದಿಲ್ಲ.

ಕೊಳ್ಳುವಾಗ ಮನೆಯಲ್ಲೇ ಮಾಡಬಹುದಾದ ಒಂದು ಅಂದಾಜು ಪರೀಕ್ಷೆ ಉಂಟು. ಬಿಸಿಲಿಗೆ ಚೆನ್ನಾಗಿ ಒಣಗಿದ ಬ್ಲಾಕನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಬೇಕು. ಮಾನಕದ ಪ್ರಕಾರ ನೀರು ಹೀರುವುದು ಸರಾಸರಿ ನೂರಕ್ಕೆ ಆರನ್ನು ಮೀರಬಾರದು. ನಾಲ್ಕು ಕಿಲೋ ಬ್ಲಾಕು 240 ಗ್ರಾಮಿಗಿಂತ ಬಹಳ ಹೆಚ್ಚು ಕುಡಿದರೆ ಆ ಸರಕು ಬೇಡವೆನ್ನಿ.

ಮೂರನೆಯದು ಮನೆಯಂಗಳ. ಮೆಟ್ಟಿಲಿಗೆ, ನಡೆಯುವ ಜಾಗಕ್ಕೆ ಒರಟು ಮೈಯ ಕಲ್ಲುಚಪ್ಪಡಿ ಇರಲಿ. ಶಹಾಬಾದ್ ಕಲ್ಲು, ಕಡಪಾ ಕಲ್ಲು ಜಗಲಿಗೆ ಚೆನ್ನ, ಆದರೆ ನಯ ಮಾಡಿದ ಮೈ ಮಳೆಯಲ್ಲಿ ಜಾರುತ್ತದೆ. ಉಳಿದ ನೆಲ ಮಣ್ಣಾಗಿಯೇ ಇರಲಿ ಎಂಬುದು ನನ್ನ ಒತ್ತಾಯ. ನಮ್ಮದು ಮಲೆನಾಡಲ್ಲ. ಅರಸೀಕೆರೆ ತಾಲ್ಲೂಕು ಬರವನ್ನು ಬಲ್ಲ ತಾಲ್ಲೂಕು. ಸಾವಿರ ಚದರಡಿ ಅಂಗಳದ ಮೇಲೆ ಒಂದಂಗುಲ ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರಾಗುತ್ತದೆ. ಅದನ್ನು ಸಿಮೆಂಟಿನ ಮೇಲೆ ಬೀದಿಗೆ ಹರಿಯಬಿಟ್ಟು, ತೋಟಕ್ಕೆ ಮತ್ತೊಂದು ಕೊಳವೆಬಾವಿ ಕೊರೆಸುವುದು ಯಾವ ಜಾಣತನ?

ಮೂರು ಬಗೆ ಮಾಡಿದರೆ ಖರ್ಚು ಹೆಚ್ಚಲ್ಲವೇ ಎಂದು ಕೆಲವರು ಕೇಳಿದ್ದಾರೆ. ಇಡೀ ಅಂಗಳಕ್ಕೆ ತೆಳು ಬ್ಲಾಕು ಹಾಸುವ ಬದಲು ಬೇಕಾದಷ್ಟೇ ದಾರಿಗೆ ದಪ್ಪನೆಯದನ್ನು ಹಾಸಿದರೆ ಹಾಸುವ ಚದರಡಿಯೇ ಕಡಿಮೆಯಾಗುತ್ತದೆ. ನಾನು ಕಿತ್ತು ಮತ್ತೆ ಹಾಸಿದ್ದರಿಂದ ಎರಡು ಸಲ ಕೂಲಿ ತೆತ್ತೆ. ಅದಕ್ಕಿಂತ ದುಬಾರಿಯಾದ ದಾರಿ ನನಗೆ ತಿಳಿಯದು.

ಕೊನೆಯದಾಗಿ ಸಂಘದ ಆಡಳಿತ ಮಂಡಳಿಯವರಲ್ಲಿ ಎರಡು ಬಿನ್ನಹ. ನೆಲ ಗಟ್ಟಿಮಾಡುವ ಕಂಪನ ಯಂತ್ರವೊಂದನ್ನು ಕೊಂಡು ಸದಸ್ಯರಿಗೆ ದಿನಬಾಡಿಗೆಯ ಮೇಲೆ ಕೊಡಬೇಕು. ಬ್ಲಾಕು ಬೇಕಾದ ಸದಸ್ಯರ ಪಟ್ಟಿ ಮಾಡಿ, ಮಾದರಿಯನ್ನು ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಒಟ್ಟಾಗಿ ಖರೀದಿಸಬೇಕು. ಗೊಬ್ಬರವನ್ನು ಒಟ್ಟಾಗಿ ಕೊಳ್ಳುವ ನಾವು ನೆಲದ ಹಾಸನ್ನು ಮಾತ್ರ ಒಬ್ಬೊಬ್ಬರೇ ಕೊಂಡು ಮೋಸಹೋಗುವುದೇಕೆ? ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲೆಂದು ಆಶಿಸುತ್ತೇನೆ.

— ಜಾವಗಲ್ಲಿನ ಒಬ್ಬ ಸದಸ್ಯ