ಆರೋಗ್ಯ ಅಂಗಳ: ಮೈತೂಕ ಇಳಿಸಲು ಯಾವ ಸಂಘ ಸೇರಬೇಕು?



ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಬಡಾವಣೆಯ ಮುಖ್ಯರಸ್ತೆಯಲ್ಲಿ ನಡೆದರೂ ತೂಕ ಇಳಿಸಿಕೊಡುವುದಾಗಿ ಹೇಳುವ ಒಂದಾದರೂ ಫಲಕ ಇಂದು ಕಣ್ಣಿಗೆ ಬೀಳದಿರದು. ಉದ್ಯಾನದಲ್ಲಿ ಯೋಗದ ಬಳಗ, ಮೊದಲ ಮಹಡಿಯಲ್ಲಿ ವ್ಯಾಯಾಮ ಶಾಲೆ, ಪಕ್ಕದ ಬೀದಿಯ ಬಾಡಿಗೆ ಕೋಣೆಯಲ್ಲಿ ಬೆಳಗ್ಗೆ ಪುಡಿ ಕದಡಿ ಕುಡಿಸುವ ಕೂಟ, ಕೈಯಲ್ಲಿರುವ ದೂರವಾಣಿಯಲ್ಲಿ ವಾಟ್ಸಾಪ್ ಗುಂಪು, ಹೀಗೆ ಎಲ್ಲೆಡೆಯಿಂದಲೂ ಕರೆ ಬರುತ್ತಿದೆ. ಇವುಗಳಲ್ಲಿ ಯಾವುದನ್ನು ಸೇರಿದರೆ ಒಳಿತು ಎಂಬುದು ವಿಜಯನಗರ, ಬಸವೇಶ್ವರನಗರಗಳ ತಾಯಂದಿರು ಈಚೆಗೆ ಪದೇ ಪದೇ ಕೇಳುತ್ತಿರುವ ಪ್ರಶ್ನೆ.

ಪ್ರಶ್ನೆ ಮೇಲುನೋಟಕ್ಕೆ ಸಣ್ಣದು. ಆದರೆ ತಪ್ಪು ಜಾಗ ಸೇರಿದವರು ಕಳೆದುಕೊಳ್ಳುವುದು ಹಣವೊಂದನ್ನೇ ಅಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಯಾರದೋ ಮಾತಿಗೆ ಊಟ ಬಿಟ್ಟು ತಲೆಸುತ್ತಿ ಬೀಳಬಹುದು. ನಾದಿನಿ, ಓರಗಿತ್ತಿಯರಿಗೇ ಡಬ್ಬಿ ಮಾರಲು ಹೋಗಿ ನಂಟು ಕೆಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, 'ನನ್ನ ಕೈಯಲ್ಲಿ ಇದು ಆಗದು' ಎಂಬ ನಿರಾಶೆ ಮನಸ್ಸಿನಲ್ಲಿ ನೆಲೆಯೂರಬಹುದು. ಆದ್ದರಿಂದ ಈ ತಿಂಗಳು ಆ ವಿಚಾರವನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಸೇರುವ ಮೊದಲು ಅಳೆಯಿರಿ

ಎಲ್ಲರಿಗೂ ತೂಕ ಇಳಿಸುವ ಅಗತ್ಯವಿಲ್ಲ. ಭಾರತೀಯರ ದೇಹದಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಬೇಗ ಸೇರುವುದರಿಂದ ನಮ್ಮ ವೈದ್ಯರು ಪಾಶ್ಚಾತ್ಯರಿಗಿಂತ ಕಡಿಮೆ ಮಿತಿಯನ್ನು ಇಟ್ಟುಕೊಂಡಿದ್ದಾರೆ. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಸಂಖ್ಯೆ 23ನ್ನು ದಾಟಿದರೆ ತೂಕ ಹೆಚ್ಚೆಂದೂ, 25ನ್ನು ಮುಟ್ಟಿದರೆ ಬೊಜ್ಜೆಂದೂ ಎಣಿಸುತ್ತಾರೆ. ಐದು ಅಡಿ ಎತ್ತರದ ಗೃಹಿಣಿಗೆ ಈ ಮಿತಿಗಳು ಸುಮಾರು 53 ಮತ್ತು 58 ಕೆ.ಜಿ. ಆಗುತ್ತವೆ. ಇದಕ್ಕಿಂತ ಸರಳವಾದುದು ಸೊಂಟದ ಅಳತೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ದರ್ಜಿಯ ಟೇಪಿನಿಂದ ಅಳೆಯಿರಿ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಮೀರಿದ್ದರೆ ಎಚ್ಚರ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 24 ಮಂದಿ, ಗಂಡಸರಲ್ಲಿ ಶೇಕಡಾ 22.9 ಮಂದಿ 25ರ ಮಿತಿಯನ್ನು ಮುಟ್ಟಿದ್ದರು ಅಥವಾ ದಾಟಿದ್ದರು. ಇದು ಹೆಂಗಸರ ತೊಂದರೆ ಮಾತ್ರವೆಂದು ಭಾವಿಸುವ ಯಜಮಾನರು ಈ ಅಂಕಿಯನ್ನು ಗಮನಿಸಬೇಕು.

ಅಳತೆಯ ಬಳಿಕ ವೈದ್ಯರಲ್ಲಿ ಹೋಗಿ ರಕ್ತದ ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಹೃದ್ರೋಗ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ಬಸುರಿ-ಬಾಣಂತಿಯರು ವೈದ್ಯರ ಒಪ್ಪಿಗೆಯಿಲ್ಲದೆ ಯಾವ ಸಂಘದ ಆಹಾರ ಕ್ರಮವನ್ನೂ ಹಿಡಿಯಕೂಡದು. ಪ್ರಯತ್ನವಿಲ್ಲದೆಯೇ ಹಿರಿಯರ ತೂಕ ಇಳಿಯುತ್ತಿದ್ದರೆ ಅದು ಸಂತೋಷಪಡುವ ಸಂಗತಿಯಲ್ಲ, ತಪಾಸಣೆ ಮಾಡಿಸಬೇಕಾದ ಸಂಗತಿ.

ಸಂಘದಿಂದ ಪ್ರಯೋಜನವುಂಟೆ?

ಉಂಟು. ಒಬ್ಬರಿಗೊಬ್ಬರು ಆಸರೆಯಾಗಿ ತೂಕ ಇಳಿಸುವ ಪದ್ಧತಿ ಹೊಸದೇನಲ್ಲ. ಅಮೆರಿಕದ ಮಿಲ್ವಾಕಿ ನಗರದಲ್ಲಿ 1948ರಲ್ಲಿ ಎಸ್ತರ್ ಮಾಂಜ್ ಎಂಬ ಗೃಹಿಣಿ ಲಾಭದಾಸೆಯಿಲ್ಲದ ಇಂಥ ಸಂಘವೊಂದನ್ನು ಕಟ್ಟಿದರು. 1963ರಲ್ಲಿ ನ್ಯೂಯಾರ್ಕಿನ ಜೀನ್ ನೈಡೆಚ್ ಎಂಬಾಕೆ ಗೆಳತಿಯರನ್ನು ಕೂಡಿಸಿ ನಡೆಸುತ್ತಿದ್ದ ಮನೆಯ ಕೂಟ 'ವೇಟ್ ವಾಚರ್ಸ್' ಎಂಬ ಸಂಸ್ಥೆಯಾಗಿ ಲೋಕವನ್ನೆಲ್ಲ ವ್ಯಾಪಿಸಿತು.

ಈ ಸಂಸ್ಥೆಯ ಸಭೆಗಳನ್ನು ಇಟ್ಟುಕೊಂಡು ಇಂಗ್ಲೆಂಡಿನಲ್ಲಿ 1267 ಜನರ ಮೇಲೆ ನಡೆಸಿದ ಪರೀಕ್ಷೆಯ ಫಲ 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬರಿಯ ಸಲಹೆ, ಪುಸ್ತಿಕೆ ಪಡೆದವರು ವರ್ಷದ ಕೊನೆಗೆ ಸರಾಸರಿ 3.3 ಕೆ.ಜಿ. ಇಳಿದಿದ್ದರು. 12 ವಾರ ಸಂಘಕ್ಕೆ ಹೋಗಲು ಅವಕಾಶ ಪಡೆದವರು 4.8 ಕೆ.ಜಿ., 52 ವಾರ ಅವಕಾಶ ಪಡೆದವರು 6.8 ಕೆ.ಜಿ. ಇಳಿದಿದ್ದರು. ಎರಡನೆಯ ವರ್ಷದಲ್ಲಿ ಮೂರು ಗುಂಪಿನವರಿಗೂ ಸ್ವಲ್ಪ ತೂಕ ಮರಳಿ ಬಂದಿತು. ಇದರಿಂದ ತಿಳಿಯುವುದು ಎರಡು ಮಾತು: ಸಂಘ ಒಬ್ಬಂಟಿ ಪ್ರಯತ್ನಕ್ಕಿಂತ ಮೇಲು, ಮೂರು ತಿಂಗಳ ಸಂಘಕ್ಕಿಂತ ವರ್ಷವಿಡೀ ಹೋಗಬಹುದಾದ ಸಂಘ ಮೇಲು. ವರ್ಷಪೂರ್ತಿ ಇಡೀ ಲೋಕದ ಪ್ರಸಿದ್ಧ ಪದ್ಧತಿಯನ್ನು ಪಾಲಿಸಿದವರು ಇಳಿದದ್ದು ಏಳು ಕೆ.ಜಿ.ಯೊಳಗೆ ಎಂಬುದನ್ನು ನೆನಪಿಟ್ಟುಕೊಂಡರೆ, ತಿಂಗಳಿಗೆ ಹತ್ತು ಕೆ.ಜಿ. ಇಳಿಸುವೆವೆಂಬ ಫಲಕದ ಬೆಲೆ ಎಷ್ಟೆಂಬುದು ತಾನಾಗಿ ತಿಳಿಯುತ್ತದೆ.

ನಮ್ಮ ನೆರೆಯ ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಜನರಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಹತ್ತಿರದ್ದು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರು ನಡಿಗೆ ಮತ್ತು ಆಹಾರದ ಶಿಸ್ತನ್ನು ಹಿಡಿದಾಗ ಕಾಯಿಲೆ ಬರುವ ಸಂಭವ ಶೇಕಡಾ 28.5ರಷ್ಟು ತಗ್ಗಿತು. ವಿಶೇಷವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲುಗದಿದ್ದರೂ ದೇಹಕ್ಕೆ ಒಳಿತಾಗುತ್ತಿರುತ್ತದೆ. ಆದುದರಿಂದ ತೂಕವೊಂದನ್ನೇ ನೋಡಿ ಸದಸ್ಯರನ್ನು ಹೊಗಳುವ, ತೆಗಳುವ ಸಂಘ ಒಳ್ಳೆಯ ಸಂಘವಲ್ಲ.

ನಮ್ಮ ಸುತ್ತಲಿನ ಕೂಟಗಳು

ಉದ್ಯಾನಗಳ ನಡಿಗೆ ಬಳಗ, ಯೋಗ ಬಳಗಗಳು ನಮ್ಮ ಭಾಗದ ದೊಡ್ಡ ಸಂಪತ್ತು. ಕೆಂಗೇರಿ ಕಡೆಯವರಿಗೆ ಸಾವಿರ ಎಕರೆಗೆ ಮಿಗಿಲಾದ ಜ್ಞಾನಭಾರತಿ ಆವರಣ ಹತ್ತಿರವಿದೆ. ಖರ್ಚು ಕಡಿಮೆ, ವರ್ಷಗಟ್ಟಲೆ ನಡೆಯಬಲ್ಲವು, ಸ್ನೇಹ ಬೆಳೆಯುತ್ತದೆ. ಆದರೆ ನಡಿಗೆಯೊಂದರಿಂದಲೇ ತೂಕ ಬಹಳ ಇಳಿಯದು. 60 ಕೆ.ಜಿ. ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ವ್ಯಯವಾಗುವುದು ಸುಮಾರು 120-130 ಕ್ಯಾಲರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿರುವುದೂ ಹೆಚ್ಚು ಕಡಿಮೆ ಅಷ್ಟೇ. ನಡಿಗೆ ಮುಗಿಸಿ ಬಳಗದೊಡನೆ ದರ್ಶಿನಿಗೆ ಹೋಗಿ ವಡೆ, ಕಾಫಿ ಸೇವಿಸಿದರೆ ಲೆಕ್ಕ ಏನಾಗುವುದೆಂದು ಬೇರೆ ಹೇಳಬೇಕಿಲ್ಲ.

ನಗೆಕೂಟಗಳು 1995ರಲ್ಲಿ ಮುಂಬಯಿಯಲ್ಲಿ ಡಾ. ಮದನ್ ಕಟಾರಿಯಾ ಅವರಿಂದ ಆರಂಭವಾದವು. ಮನಸ್ಸಿನ ಹಗುರಕ್ಕೆ ಅವು ಸರಿ. ಮೈ ಹಗುರಾಗಲು ಅವುಗಳನ್ನೇ ನಂಬಬಾರದು.

ಆಹಾರ ತಜ್ಞರು ನಡೆಸುವ ಗುಂಪುಗಳಿಗೆ ಹಣ ಕೊಡಬೇಕಾದರೂ ಕಲಿಕೆ ಇರುತ್ತದೆ. ನಡೆಸುವವರ ವಿದ್ಯಾರ್ಹತೆ ಏನು, ಎಲ್ಲಿ ಕಲಿತರು ಎಂದು ಕೇಳಲು ಸಂಕೋಚ ಬೇಡ. ತಾವು ಇಳಿದೆವೆಂಬ ಒಂದೇ ಕಾರಣಕ್ಕೆ ಇತರರಿಗೆ ಪಥ್ಯ ಹೇಳುವವರು ತಜ್ಞರಾಗುವುದಿಲ್ಲ.

ಪುಡಿ ಕದಡಿದ ಪಾನೀಯದ ಕೂಟಗಳ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಒಂದು ಹೊತ್ತಿನ ಊಟದ ಬದಲು ಪಾನೀಯ ಕುಡಿದರೆ ಮೊದಲ ವಾರಗಳಲ್ಲಿ ತೂಕ ಇಳಿಯುವುದು ನಿಜ. ಅದರಲ್ಲಿ ಹೆಚ್ಚಿನದು ನೀರು. ಡಬ್ಬಿ ನಿಲ್ಲಿಸಿ ಮೊದಲಿನಂತೆಯೇ ಉಣ್ಣತೊಡಗಿದರೆ ಇಳಿದ ತೂಕ ಹಿಂದಿರುಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಮೈಕಟ್ಟು ಬೆಳೆಸಲೆಂದು ಸೇವಿಸುವ ಪ್ರೋಟೀನ್ ಪುಡಿಗಳಿಂದ ದೂರವಿರಲು ಹೇಳಿದೆ. ಡಬ್ಬಿಯನ್ನು ಮಾರುವುದರ ಜೊತೆಗೆ 'ಇನ್ನಿಬ್ಬರನ್ನು ಸೇರಿಸಿ' ಎಂದು ಒತ್ತಾಯಿಸಿದರೆ ಅದು ಆರೋಗ್ಯದ ಸಂಘವಲ್ಲ, ವ್ಯಾಪಾರ. ಹೊಸಬರನ್ನು ಸೇರಿಸಿದ್ದಕ್ಕೆಂದೇ ಹಣ ಹಂಚುವ ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ಔಷಧದಿಂದ ವಾಸಿಮಾಡುವೆವೆಂದು ಜಾಹೀರಾತು ನೀಡಬಾರದೆಂದು 1954ರ ಕಾಯಿದೆಯೊಂದು ಪಟ್ಟಿಮಾಡಿರುವ ಕಾಯಿಲೆಗಳಲ್ಲಿ ಬೊಜ್ಜೂ ಸಕ್ಕರೆ ಕಾಯಿಲೆಯೂ ಸೇರಿವೆ. ಮೋಸಹೋದವರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು.

ಈಚಿನ ಚುಚ್ಚುಮದ್ದಿನ ಮಾತೂ ಕೇಳಿಬರುತ್ತಿದೆ. 2025ರಲ್ಲಿ ಇಂಥ ಎರಡು ಔಷಧಿಗಳು ನಮ್ಮ ದೇಶದ ಮಾರುಕಟ್ಟೆಗೆ ಬಂದವು. ತಕ್ಕವರಿಗೆ ಅವುಗಳಿಂದ ಉಪಯೋಗವುಂಟು. ಆದರೆ ಅವು ವೈದ್ಯರು ತಪಾಸಣೆ ಮಾಡಿ ಬರೆದುಕೊಡಬೇಕಾದವು. ಸಂಘದಲ್ಲಿಯೋ ಸೌಂದರ್ಯ ಮಳಿಗೆಯಲ್ಲಿಯೋ ಹಾಕಿಸಿಕೊಳ್ಳುವಂಥವಲ್ಲ.

ಕೇಳಬೇಕಾದ ಪ್ರಶ್ನೆಗಳು

ಹಣ ಕಟ್ಟುವ ಮುನ್ನ ಒಂದು ದಿನ ಸುಮ್ಮನೆ ಹೋಗಿ ಕುಳಿತು ನೋಡಿರಿ. ಬಳಿಕ ಇವುಗಳನ್ನು ಕೇಳಿರಿ.

ಒಂದು: ವಾರಕ್ಕೆ ಎಷ್ಟು ಇಳಿಸುವಿರಿ? ಅರ್ಧದಿಂದ ಒಂದು ಕೆ.ಜಿ.ಯೊಳಗೆ ಎಂದರೆ ನಂಬಬಹುದು. ಅತಿ ವೇಗದ ಇಳಿಕೆಯಿಂದ ಮಾಂಸಖಂಡ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟಲೂಬಹುದು.

ಎರಡು: ನಮ್ಮ ಮನೆಯ ಅಡುಗೆಯಲ್ಲೇ ಇದು ಸಾಧ್ಯವೆ? ಜೋಳದ ರೊಟ್ಟಿ, ಮುದ್ದೆ, ಕಾಳಿನ ಪಲ್ಯ, ಕೋಸಂಬರಿ, ಮಜ್ಜಿಗೆ ಇವನ್ನು ಬಲ್ಲವರೇ ನಮಗೆ ಪಥ್ಯ ಹೇಳಬೇಕು. ಶಾಕಾಹಾರಿಗೆ ಮೊಟ್ಟೆಯ ಬಿಳಿಯನ್ನು ಸೂಚಿಸುವ ಅಚ್ಚುಪಟ್ಟಿಯಿಂದ ಏನು ಪ್ರಯೋಜನ?

ಮೂರು: ನನ್ನ ಕಾಯಿಲೆ, ಔಷಧಿಗಳ ವಿವರ ಕೇಳುವಿರಾ? ಕೇಳದವರಿಂದ ದೂರವಿರಿ. ಮಾತ್ರೆ ಬಿಡಿ ಎನ್ನುವವರಿಂದ ಇನ್ನೂ ದೂರವಿರಿ.

ನಾಲ್ಕು: ತೂಕವನ್ನು ಎಲ್ಲರೆದುರು ಕೂಗಿ ಹೇಳುವಿರಾ? ನಾಚಿಕೆಯಿಂದ ಯಾರೂ ಬಹುಕಾಲ ಇಳಿದದ್ದಿಲ್ಲ. ಸಂಘ ಬಿಟ್ಟವರೇ ಹೆಚ್ಚು.

ಐದು: ಒಟ್ಟು ವೆಚ್ಚವೆಷ್ಟು, ನಡುವೆ ಬಿಟ್ಟರೆ ಹಣ ಹಿಂದಿರುಗುವುದೆ, ರಸೀತಿ ಕೊಡುವಿರಾ?

ಆರು: ಒಂದು ವರ್ಷದ ಬಳಿಕವೂ ಬರುತ್ತಿರುವ ಸದಸ್ಯರೊಡನೆ ಮಾತನಾಡಬಹುದೆ? ಗೋಡೆಯ ಮೇಲಿನ 'ಮೊದಲು-ಆಮೇಲೆ' ಚಿತ್ರಗಳಿಗಿಂತ ಅವರ ಮಾತು ಹೆಚ್ಚು ನಿಜ.

ಏಳು: ಸಮಯ ಮತ್ತು ದೂರ ನನಗೆ ಒಗ್ಗುತ್ತವೆಯೆ? ಎರಡು ಬಸ್ಸು ಬದಲಿಸಿ ಹೋಗಬೇಕಾದ ಒಳ್ಳೆಯ ಸಂಘಕ್ಕಿಂತ ಬೀದಿಯ ತುದಿಯ ಸಾಧಾರಣ ಸಂಘವೇ ಬಾಳುತ್ತದೆ.

ಒಲೆ ಒಂದು, ಉಣ್ಣುವವರು ಹಲವರು

ಯಾವ ಸಂಘ ಸೇರಿದರೂ ದಿನಕ್ಕೆ ಒಂದು ಗಂಟೆ ಅಲ್ಲಿ. ಉಳಿದ ಇಪ್ಪತ್ತಮೂರು ಗಂಟೆ ಮನೆಯಲ್ಲೂ ಕೆಲಸದಲ್ಲೂ ಕಳೆಯಬೇಕು. ಸೊಸೆ ಪಥ್ಯ ಹಿಡಿದಾಗ ಅತ್ತೆಯವರು 'ನಾವು ತಿನ್ನದ ತುಪ್ಪವೆ?' ಎಂದು ಬೇಸರಿಸಿದರೆ ಸಂಘದ ಪಾಠ ಹೊಸಿಲಲ್ಲೇ ನಿಲ್ಲುತ್ತದೆ. ಆಕೆಗೆ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿಕೊಳ್ಳಲು ಬಿಡುವ ಬದಲು ಇಡೀ ಮನೆಯ ಒಗ್ಗರಣೆಯ ಎಣ್ಣೆಯನ್ನೇ ತಗ್ಗಿಸಿದರೆ ಎಲ್ಲರಿಗೂ ಲಾಭ. ತಿಂಗಳಿಗೆ ಮನೆಗೆ ತರುವ ಎಣ್ಣೆಯನ್ನು ಜನರ ಲೆಕ್ಕದಿಂದ ಭಾಗಿಸಿ ನೋಡಿರಿ, ಬಹುಮಂದಿಗೆ ಅಚ್ಚರಿಯಾದೀತು. ದಿನದ ಸಕ್ಕರೆ 20-25 ಗ್ರಾಂ, ಉಪ್ಪು 5 ಗ್ರಾಂ ಮೀರಬಾರದೆಂದೂ ತಟ್ಟೆಯ ಅರ್ಧಭಾಗ ತರಕಾರಿ, ಹಣ್ಣು ಇರಬೇಕೆಂದೂ ಮೇಲೆ ಹೇಳಿದ ಮಾರ್ಗಸೂಚಿ ತಿಳಿಸುತ್ತದೆ.

ನಮ್ಮ ಮನೆಗಳಲ್ಲಿ ಇನ್ನೊಂದು ಸಂಗತಿಯಿದೆ. ಅನ್ನವನ್ನು ಪ್ರಸಾದವೆಂದು ಕಾಣುವ ನಾವು ತಟ್ಟೆಯಲ್ಲಿ ಅಗುಳು ಉಳಿಸುವುದಿಲ್ಲ. ಇದು ಒಳ್ಳೆಯ ಸಂಸ್ಕಾರ. ಆದರೆ ಮಕ್ಕಳು ಬಿಟ್ಟದ್ದು, ಪಾತ್ರೆಯ ತಳದಲ್ಲಿ ಉಳಿದದ್ದು ಎಲ್ಲವೂ ಕೊನೆಗೆ ಉಣ್ಣುವ ತಾಯಿಯ ಹೊಟ್ಟೆ ಸೇರುತ್ತದೆ. ಪ್ರಸಾದವನ್ನು ಕೆಡಿಸಬಾರದೆಂಬ ನಿಯಮಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ನೀಡಿಸಿಕೊಳ್ಳಬಾರದೆಂಬ ಇನ್ನೊಂದು ಮುಖವೂ ಇದೆ. ಅಳೆದು ಬೇಯಿಸುವುದು, ಸ್ವಲ್ಪವೇ ಬಡಿಸುವುದು, ಬೇಕಾದರೆ ಮತ್ತೆ ಕೇಳಲು ಮಕ್ಕಳಿಗೆ ಕಲಿಸುವುದು, ತಾಯಿಯೂ ಎಲ್ಲರೊಡನೆ ಕುಳಿತು ಉಣ್ಣುವುದು, ಇಷ್ಟಾದರೆ ತಾಯಿ ಉಳಿಕೆಯ ಪಾತ್ರೆಯಾಗುವುದು ತಪ್ಪುತ್ತದೆ. ಗೃಹಪ್ರವೇಶ, ಜಯಂತಿಗಳಲ್ಲಿ ಹೋಳಿಗೆ ಒಂದನ್ನು ಸಂತೋಷದಿಂದ ಸ್ವೀಕರಿಸಿ. ಎರಡನೆಯದನ್ನು ಎಲೆಗೆ ಬೀಳುವ ಮೊದಲೇ ಕೈ ಅಡ್ಡವಿಟ್ಟು ತಡೆಯಿರಿ. ಬಡಿಸುವವರೂ ಒತ್ತಾಯವನ್ನೇ ಉಪಚಾರವೆಂದು ತಿಳಿಯದಿರಲಿ.

ಹತ್ತಿರದಲ್ಲಿ ಒಪ್ಪುವ ಸಂಘ ಸಿಗದಿದ್ದರೆ ನೀವೇ ಒಂದನ್ನು ಕಟ್ಟಬಹುದು. ನೆರೆಯ ಐದಾರು ಮನೆಯವರು ಸಾಕು. ವಾರದಲ್ಲಿ ಐದು ದಿನ ಅರ್ಧ ಗಂಟೆಯ ನಡಿಗೆ, ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ, ತಿಂಗಳಿಗೊಮ್ಮೆ ಸೊಂಟದ ಅಳತೆ, ಅವರವರ ಲೆಕ್ಕ ಅವರವರ ಪುಸ್ತಕದಲ್ಲಿ. ಎರಡು ದಿನ ಬಾರದವರ ಮನೆಗೆ ಹೋಗಿ ಕ್ಷೇಮ ವಿಚಾರಿಸುವುದು ಕಡ್ಡಾಯ. ಏನನ್ನೂ ಮಾರಕೂಡದೆಂಬುದು ಕಟ್ಟಳೆ. ಮೊದಲ ಆರು ತಿಂಗಳ ಗುರಿ ಈಗಿನ ತೂಕದ ಶೇಕಡಾ ಐದು ಇರಲಿ, 64 ಕೆ.ಜಿ. ಇರುವವರಿಗೆ ಅದು ಮೂರು ಕೆ.ಜಿ. ಚಿಲ್ಲರೆ. ಅಷ್ಟು ಇಳಿದರೂ ಮಂಡಿಯ ಭಾರ, ರಕ್ತದೊತ್ತಡ, ಸಕ್ಕರೆ ಎಲ್ಲಕ್ಕೂ ಅನುಕೂಲವಾಗುತ್ತದೆ.

ಸಂಘವೆಂಬುದು ಒಬ್ಬರ ಬಲಹೀನತೆಯನ್ನು ಇನ್ನೊಬ್ಬರ ಲಾಭವಾಗಿಸುವ ಜಾಗವಾಗದೆ, ಒಬ್ಬರ ಬಲವನ್ನು ಎಲ್ಲರ ಬಲವಾಗಿಸುವ ಜಾಗವಾಗಿರಬೇಕು. ಆ ಗುಣ ಕಂಡಲ್ಲಿ ಸೇರಿರಿ. ಕಾಣದಲ್ಲಿ ಕೈಮುಗಿದು ಹಿಂದಿರುಗಿರಿ.